ಐದು ಉಂಡೆ ಸಿಮೆಂಟು

ನಾರಾಯಣಖೇಡದ ಆ ಮನೆಯ ಬಚ್ಚಲಿಗೆ ಕಾಲಿಟ್ಟಾಗ ನಾನು ಮೊದಲು ನೋಡಿದ್ದು ಗೋಡೆಯನ್ನಲ್ಲ, ಬಕೆಟ್ಟನ್ನು. ನೀಲಿ ಪ್ಲಾಸ್ಟಿಕ್ ಬಕೆಟ್ಟು ಬಾಯಿಯಿಂದ ತಳದವರೆಗೆ ಸೀಳಿತ್ತು. ಶವರ್ ಇದ್ದ ಗೋಡೆಯ ಮೇಲಿನ ಸಾಲಿನಿಂದ ಒಂದು ಟೈಲ್ಸ್ ಕಳಚಿ ನೇರ ಅದರೊಳಗೆ ಬಿದ್ದಿತ್ತು. ಮನೆಯಾಕೆ ಅದನ್ನು ಎಸೆಯದೆ ನನಗೆ ತೋರಿಸಲೆಂದೇ ಮೂಲೆಯಲ್ಲಿ ಇಟ್ಟಿದ್ದಳು.

“ನೋಡ್ರಿ ಮೇಸ್ತ್ರಿ,” ಅಂದಳು, “ಈ ಬಕೀಟ ಇದ್ದಲ್ಲಿ ನಾಳಿ ನನ್ನ ಮೊಮ್ಮಗ ಇರ್ತಾನ.”

ಆಕೆ ಊರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಆ ಮಗಳನ್ನು ತಾಂಡೂರಿಗೆ ಕೊಟ್ಟಿದ್ದಳು. ಚೊಚ್ಚಲ ಹೆರಿಗೆ, ಜಹೀರಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಗಂಡು ಕೂಸು ಹುಟ್ಟಿತ್ತು. ಹೊಲಿಗೆ ಬಿಚ್ಚಿ ಮನೆಗೆ ಕಳಿಸಲು ಇನ್ನು ಆರು ದಿನವಿತ್ತು. ಮೊದಲ ಬಾಣಂತನ ತವರಿನ ಹಕ್ಕು. ಆದರೆ ಟೈಲ್ಸ್ ಬಿದ್ದ ಸುದ್ದಿ ಬೀಗರ ಕಿವಿಗೆ ಬಿದ್ದಿತ್ತು. ಅಂಥ ಬಚ್ಚಲಿಗೆ ಹಸಿ ಬಾಣಂತಿಯನ್ನು ಕಳಿಸುವುದಿಲ್ಲ, ಆಸ್ಪತ್ರೆಯಿಂದ ನೇರ ತಾಂಡೂರಿಗೆ ಕರೆದೊಯ್ಯುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ.

ನಮ್ಮ ಕಡೆ ಬಾಣಂತಿಗೆ ಎರೆಯುವುದೆಂದರೆ ಎರಡು ಚೊಂಬು ಸುರಿದುಕೊಂಡು ಬರುವುದಲ್ಲ. ಬೇವಿನ ಸೊಪ್ಪು ಹಾಕಿ ಕುದಿಸಿದ ಹಂಡೆ ನೀರನ್ನು ಹದ ನೋಡಿ ಬೆನ್ನಿಗೆ, ಸೊಂಟಕ್ಕೆ ರಪರಪನೆ ಎರಚುತ್ತಾರೆ. ಕೂಸಿಗೆ ಎರೆಯುವಾಕೆ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಈ ಬಚ್ಚಲಿನಲ್ಲಿ ಒಂದು ಕಡೆ ಬಾಗಿಲು, ಒಂದು ಕಡೆ ಹಂಡೆ, ಒಂದು ಕಡೆ ಮೋರಿ. ಬೆನ್ನು ಕೊಡಲು ಉಳಿದದ್ದು ಶವರ್ ಗೋಡೆ ಒಂದೇ.

“ಹೊಸಾದು ಹಾಕ್ಸಾಕ ಈಗ ನನ್ನ ಕೈಲಿ ಆಗಂಗಿಲ್ರಿ. ಇದ್ದುದರಾಗ ಏನಾರ ಮಾಡ್ರಿ. ಐದು ತಿಂಗಳು ತಡದ್ರ ಸಾಕು,” ಅಂದಳು.

ನಾನು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಕರಣಿ ತಿರುಗಿಸಿ ಅದರ ಹಿಡಿಕೆಯಿಂದ ಟೈಲ್ಸ್ ಬಡಿಯತೊಡಗಿದೆ. ಗಟ್ಟಿ ಹಿಡಿದಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಹಿಂದೆ ಖಾಲಿ ಇದ್ದರೆ ಟೊಳ್ಳು ಸದ್ದು ಬರುತ್ತದೆ. ಟೊಳ್ಳಿದ್ದಲ್ಲಿ ಗುಣಾಕಾರದ ಗುರುತು ಹಾಕುತ್ತಾ ಹೋದೆ. ಆ ಗೋಡೆಯಲ್ಲಿ ಅಡ್ಡ ಐದು, ಎತ್ತರಕ್ಕೆ ಒಂಬತ್ತು, ಒಟ್ಟು ನಲವತ್ತೈದು ಟೈಲ್ಸ್. ಮೂರು ಆಗಲೇ ಬಿದ್ದಿದ್ದವು, ಎರಡು ಬಿರುಕು ಬಿಟ್ಟಿದ್ದವು. ಐದನೇ ಸಾಲಿಗೆ ಬರುವಷ್ಟರಲ್ಲಿ ಗುರುತು ಹಾಕುವುದನ್ನು ನಿಲ್ಲಿಸಿದೆ. ಎಲ್ಲೆಡೆ ಒಂದೇ ಸದ್ದು, ಪ್ರತಿ ಟೈಲ್ಸಿನ ನಾಲ್ಕು ಮೂಲೆ ಮತ್ತು ನಡು ಬಿಟ್ಟು ಉಳಿದದ್ದೆಲ್ಲ ಟೊಳ್ಳು.

ಆ ಗೋಡೆಗೆ ಟೈಲ್ಸ್ ಹಚ್ಚಿದವನು ನಾನೇ. ಐದು ವರ್ಷದ ಹಿಂದೆ.

ನಾನು ಮೂಲತಃ ಟೈಲ್ಸ್ ಕೆಲಸದವನಲ್ಲ. ಪೆದ್ದೆಮುಲ್ ಕಡೆಯವನು, ತಾಂಡೂರಿನ ಕಲ್ಲು ಹಾಸಿಯೇ ಕೈ ಪಳಗಿದ್ದು. ಗೋಡೆಗೆ ಕಲ್ಲು ಹಚ್ಚುವಾಗ ನಾವು ಅದರ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಉಂಡೆ ಸಿಮೆಂಟು ಇಟ್ಟು ಒತ್ತುತ್ತಿದ್ದೆವು. ಕಲ್ಲಿನ ಬೆನ್ನು ಒರಟು, ಸಿಮೆಂಟನ್ನು ಕಚ್ಚಿ ಹಿಡಿಯುತ್ತದೆ. ಗೋಡೆ ಹೆಚ್ಚುಕಡಿಮೆ ಇದ್ದರೂ ಉಂಡೆ ಮಟ್ಟ ಸರಿದೂಗಿಸುತ್ತದೆ. ಟೈಲ್ಸಿನ ಬೆನ್ನು ಹಾಗಲ್ಲ. ಅದಕ್ಕೆ ಒಂದು ಮೂಲೆಯನ್ನೂ ಬಿಡದೆ ಪೂರ್ತಿ ಬಳಿಯಬೇಕು. ಇಲ್ಲದಿದ್ದರೆ ಉಂಡೆಗಳ ನಡುವೆ ನೀರು ಹೊಕ್ಕು ಅಲ್ಲೇ ಮನೆ ಮಾಡುತ್ತದೆ, ಬಿಸಿನೀರು ಬಿದ್ದಾಗಲೆಲ್ಲ ಹಿಡಿತ ಸಡಿಲುತ್ತದೆ. ಇದನ್ನು ನಾನು ಕಲಿತದ್ದು ತಡವಾಗಿ, ಜಹೀರಾಬಾದಿನ ಒಂದು ದೊಡ್ಡ ಕಟ್ಟಡದಲ್ಲಿ, ಮೇಲಿನವನ ಕೈಲಿ ಎಲ್ಲರೆದುರು ಬೈಸಿಕೊಂಡು. ಅಕ್ಕನ ಬಚ್ಚಲು ಅದಕ್ಕೂ ಮುಂಚಿನದು. ಆಗ ನನ್ನ ಜೊತೆ ಕೊಹೀರ್ ಕಡೆಯ ಒಬ್ಬ ಕೆಲಸಗಾರನಿದ್ದ, ಎರಡು ಮಕ್ಕಳ ತಂದೆ. ನಾನು ತೋರಿಸಿಕೊಟ್ಟಂತೆ ಉಂಡೆ ಇಟ್ಟು ಇಟ್ಟು ಕೊಡುತ್ತಿದ್ದವನು ಅವನೇ. ತಪ್ಪು ತಿಳಿದ ಮೇಲೂ ನಾನು ಹಿಂದಿನ ಯಾರಿಗೂ ಹೇಳಲಿಲ್ಲ. ಹಿಡಿದುಕೊಂಡಿದ್ದರೆ ಹಿಡಿದುಕೊಂಡಿರಲಿ ಬಿಡು ಎಂದುಕೊಂಡೆ.

“ಯಾಕ ಬಿದ್ದಾವ್ರಿ?” ಅಕ್ಕ ಕೇಳಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ಕರಣಿಯನ್ನು ಬೆನ್ನ ಹಿಂದೆ ಒಯ್ದಿತ್ತು. “ಬೋರಿನ ನೀರು ಉಪ್ಪ ಅದಾವ್ರಿ. ಸಿಮೆಂಟ ತಿಂತಾವ,” ಅಂದೆ. ಆಕೆ ತಲೆಯಾಡಿಸಿ, ಬೋರು ಹೊಡೆದವನಿಗೆ ಒಂದು ಶಾಪ ಹಾಕಿದಳು. ಅವತ್ತಿನ ಕೂಲಿಯನ್ನೂ ನಾನು ಇಸಕೊಂಡೆ. ಅದು ಈಗಲೂ ಚುಚ್ಚುತ್ತದೆ.

ತಾತ್ಕಾಲಿಕ ರಿಪೇರಿಗೂ ಒಂದು ಕ್ರಮ ಇದೆ. ಮೊದಲು ನೀರಿನ ಮೂಲ ನಿಲ್ಲಿಸಬೇಕು. ಆ ಶವರನ್ನು ಹಾಕಿದ ದಿನದಿಂದ ಒಬ್ಬರೂ ಬಳಸಿರಲಿಲ್ಲ, ಅದರ ಮೇಲೆ ಟವೆಲ್ಲು ಒಣಗುತ್ತಿತ್ತು. ಆದರೂ ಗೋಡೆಯೊಳಗಿನ ಅದರ ಜೋಡಣೆ ಸಣ್ಣಗೆ ಸೋರುತ್ತಿತ್ತು. ಶವರ್ ಬಿಚ್ಚಿ, ಪೈಪಿನ ಬಾಯಿಗೆ ದಾರ ಸುತ್ತಿ ಪ್ಲಗ್ ಬಿಗಿದೆ. ಸಂದಿಗಳಲ್ಲಿ ಕಪ್ಪಾಗಿದ್ದ ಬಿಳಿ ಸಿಮೆಂಟನ್ನು ಹಳೆಯ ಗರಗಸದ ಅಲಗಿನಿಂದ ಕೆರೆದು ತೆಗೆದೆ. ಬಿದ್ದ ಮೂರು ಟೈಲ್ಸಿನಲ್ಲಿ ಎರಡು ಇಡಿಯಾಗಿದ್ದವು. ಅವುಗಳ ಬೆನ್ನಿನ ಹಳೆಯ ಉಂಡೆ ಕೆತ್ತಿ, ಟೈಲ್ಸ್ ಅಂಟು ಪೂರ್ತಿ ಬಳಿದು ಕೂಡಿಸಿದೆ. ಮೂರನೆಯದರ ಜಾಗಕ್ಕೆ ನನ್ನ ಮನೆಯಲ್ಲಿ ಬಿದ್ದಿದ್ದ ಬೇರೆ ಬಣ್ಣದ ತುಂಡು ಹಚ್ಚಿದೆ. ಬಿರುಕಿಗೆ, ಮೇಣದಂಥ ಎರಡು ಬತ್ತಿಗಳನ್ನು ಒಟ್ಟಿಗೆ ನಾದಿ ಬೆರೆಸುವ ಅಂಟು ತುಂಬಿ, ಮೇಲೆ ನೀರು ತಡೆಯುವ ಟೇಪು ಎಳೆದೆ. ಸಂದಿಗಳಿಗೆ ಹೊಸ ಬಿಳಿ ಸಿಮೆಂಟು ತುಂಬಿ ಮೂಲೆಗೆ ಸಿಲಿಕಾನ್ ಅಂಟು ಎಳೆದೆ. ಸಂದಿ ಮುಚ್ಚಿದರೆ ಹೊಸ ನೀರು ಒಳಗೆ ಹೋಗುವುದಿಲ್ಲ, ಒಳಗಿನದು ನಿಧಾನ ಆರುತ್ತದೆ, ಐದು ತಿಂಗಳು ಹೇಗೋ ತಳ್ಳುತ್ತದೆ. ಇದು ನನ್ನ ಲೆಕ್ಕಾಚಾರ. ಹೇಳುತ್ತೇನಲ್ಲ, ಮನುಷ್ಯ ಮುಚ್ಚಿಡಲು ಹೊರಟಾಗ ಅವನ ಕೈಗೆ ಎಲ್ಲಿಲ್ಲದ ಅಚ್ಚುಕಟ್ಟು ಬರುತ್ತದೆ. ಗೋಡೆ ಚೆಂದ ಕಂಡಿತು.

“ಎರಡು ದಿನ ಯಾರೂ ಎರಕೋಬ್ಯಾಡ್ರಿ,” ಎಂದು ಹೇಳಿ ಬಂದೆ. ನೀರೇ ತಗಲಿಸಬಾರದು ಎಂದು ಬಿಡಿಸಿ ಹೇಳಲಿಲ್ಲ.

ಮೂರನೇ ದಿನ ಹೋದಾಗ ಬಚ್ಚಲಿನ ಬಾಗಿಲು ತೆರೆಯುವ ಮೊದಲೇ ಒದ್ದೆ ಗೋಣಿಯ ವಾಸನೆ ಬಂತು. ಗೋಡೆಯ ತುಂಬ ಒದ್ದೆ ಗೋಣಿಚೀಲಗಳನ್ನು ಮೊಳೆಗೆ ಸಿಕ್ಕಿಸಿ ಇಳಿಬಿಟ್ಟಿದ್ದಳು. ಟೇಪು ಸುರುಳಿಯಾಗಿ ಕೆಳಗೆ ಬಿದ್ದಿತ್ತು. ಬಿಳಿ ಸಿಮೆಂಟು ಹಾಲಿನಂತೆ ಇಳಿದು ಮೋರಿಗೆ ಹೋಗಿತ್ತು. ಮೂಲೆಯ ಸಿಲಿಕಾನ್ ಬೆರಳು ತಾಗಿಸಿದರೆ ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೆ ಎದ್ದು ಬಂತು.

“ಅಕ್ಕಾ, ಏನ್ ಮಾಡೀರಿ ಇದು?”

“ನೀರ ಹೊಡ್ದೀನ್ರಿ,” ಅಂದಳು. ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. “ಮುಂಜಾನೆ ದವಾಖಾನಿಗೆ ಹೋಗೂ ಮುಂಚೆ ಒಮ್ಮೆ, ಸಂಜಿಗೆ ಬಂದು ಒಮ್ಮೆ. ಒಂದು ಹೊತ್ತೂ ತಪ್ಪಿಸಿಲ್ಲ. ಮನಿ ಕಟ್ಟೂ ಮುಂದ ನೀವೇ ಹೇಳಿದ್ರಲ್ಲ, ಹೊಸ ಕೆಲಸಕ್ಕ ನೀರ ಹೊಡೀದಿದ್ರ ಮಜಬೂತ್ ಆಗಂಗಿಲ್ಲ ಅಂತ.”

ಹೌದು, ಹೇಳಿದ್ದೆ. ಗೋಡೆಗೆ ಸಿಮೆಂಟಿನ ಗಿಲಾಯಿ ಬಳಿದ ಮೇಲೆ ಏಳು ದಿನ ನೀರು ಹೊಡೆಯಿರಿ, ಗೋಣಿ ಹಾಕಿರಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ನಮ್ಮ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು ಅದು. ಆಕೆ ಜಹೀರಾಬಾದಿನ ಬಸ್ಸಿನಲ್ಲಿ ಹೋಗಿ ಬಂದು, ಮಗಳ ಬಟ್ಟೆ ಒಗೆದು, ಆಮೇಲೆ ಕೊಡ ಹೊತ್ತು ತಂದು ನನ್ನ ರಿಪೇರಿಗೆ ನೀರು ಹೊಡೆದಿದ್ದಳು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನನ್ನನ್ನೇ ಬೈದುಕೊಂಡೆ.

ನಾಲ್ಕು ದಿನ ಉಳಿದಿತ್ತು. ಗೋಡೆ ಒಣಗಿಸಬೇಕಿತ್ತು. ಬಾಣಂತಿಗೆ ಹೊಗೆ ಹಾಕಲೆಂದು ಅಕ್ಕ ತಂದಿಟ್ಟಿದ್ದ ಹೊಸ ಇದ್ದಿಲ ಸಿಗಡಿಯನ್ನೇ ಎತ್ತಿಕೊಂಡೆ. ಬಾಗಿಲು, ಕಿಟಕಿ ತೆರೆದಿಟ್ಟು, ಗೋಡೆಯಿಂದ ಎರಡು ಗೇಣು ದೂರದಲ್ಲಿ ಕೆಂಡ ಇಟ್ಟು, ಅತ್ತ ಇತ್ತ ಸರಿಸುತ್ತ ಒಂದಿಡೀ ದಿನ ಕಾದೆ. ಮರುದಿನ ಎಲ್ಲ ಮತ್ತೊಮ್ಮೆ ಮಾಡಿದೆ. ಅಂಟು, ಬತ್ತಿ, ಬಿಳಿ ಸಿಮೆಂಟು, ಸಿಲಿಕಾನ್, ಟೇಪು. ಈ ಸಲದ ಸಾಮಾನು ನನ್ನದೇ. ಅಕ್ಕ ಅದನ್ನು ನನ್ನ ದೊಡ್ಡ ಗುಣ ಎಂದು ತಿಳಿದಳು. ಪಕ್ಕದ ಮನೆಯವರಿಗೂ ಹೇಳಿದಳು. ಆ ಹೊಗಳಿಕೆ ಕೇಳುತ್ತ ಕೆಲಸ ಮಾಡುವುದಿದೆಯಲ್ಲ, ಅಂಥ ಶಿಕ್ಷೆ ನನ್ನ ಶತ್ರುವಿಗೂ ಬೇಡ.

ಮಗಳು ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಗೋಡೆ ಮುಟ್ಟಿ ನೋಡಿದೆ. ಒಣಗಿತ್ತು. ಇಷ್ಟಕ್ಕೇ ನಮಸ್ಕಾರ ಹೇಳಿ ಹೊರಟುಬಿಡಬಹುದಿತ್ತು. ಆದರೆ ಅಕ್ಕನಿಗೆ ತಡೆಯಲಿಲ್ಲ.

“ಹಂಡ್ಯಾದಾಗ ನೀರ ಕಾಸೀನ್ರಿ. ನಾಳಿ ಎರಿಯೂ ಹಂಗ ಒಮ್ಮೆ ಎರದು ನೋಡೂಣು. ನೀವೂ ನೋಡಿ ಹೋಗ್ರಿ,” ಅಂದಳು.

ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಆಕೆ ಸೆರಗು ಸಿಕ್ಕಿಸಿ, ಬಾಗಿಲ ಕಡೆ ನಿಂತು, ಬಿಸಿನೀರನ್ನು ಚೊಂಬಿನಲ್ಲಿ ತುಂಬಿ ತುಂಬಿ ಗೋಡೆಗೆ ಎರಚಿದಳು. ಹತ್ತು ಚೊಂಬು ಆಯಿತು. ಏನೂ ಆಗಲಿಲ್ಲ. ನಾನು ಹೊಸದಾಗಿ ಹಚ್ಚಿದ ಮೂರೂ ಗಟ್ಟಿ ನಿಂತಿದ್ದವು. ಇಪ್ಪತ್ತರ ಹೊತ್ತಿಗೆ ಅಕ್ಕ ನಗತೊಡಗಿದಳು. ಆಗ ಗೋಡೆಯೊಳಗಿನಿಂದ ಠಕ್ ಎಂದು ಒಂದು ಸದ್ದು ಬಂತು, ಸ್ವಲ್ಪ ತಡೆದು ಇನ್ನೊಂದು. ನಾನು ಆಕೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ನಾನು ಮುಟ್ಟದೆ ಬಿಟ್ಟಿದ್ದ ಹಳೆಯ ಟೈಲ್ಸ್, ತಲೆಯ ಎತ್ತರದ ಸಾಲಿನವು, ಒಂದನ್ನೊಂದು ತಳ್ಳಿ ಹೊಟ್ಟೆ ಉಬ್ಬಿಸಿ ನಾಲ್ಕು ಒಟ್ಟಿಗೆ ಬಿದ್ದವು. ಮರುದಿನದ ಸ್ನಾನಕ್ಕೆಂದು ಅಕ್ಕ ತೊಳೆದಿಟ್ಟಿದ್ದ ಮಣೆಯ ಮೇಲೆಯೇ ಬಿದ್ದು ಚೂರಾದವು.

ಅಕ್ಕ ಚೊಂಬು ಕೆಳಗಿಡಲಿಲ್ಲ. ನೀರು ತೊಟ್ಟಿಕ್ಕುವ ಚೊಂಬನ್ನು ಹಿಡಿದು ನಿಂತೇ ಇದ್ದಳು.

“ಬೀಗರಿಗೆ ಫೋನ್ ಹಚ್ತೀನ್ರಿ,” ಅಂದಳು ಕೊನೆಗೆ. “ತಾಂಡೂರಿಗೇ ಕರ್ಕೊಂಡ ಹೋಗ್ಲಿ. ನನ್ನ ಹಣ್ಯಾಗ ಮಗಳ ಬಾಣಂತನ ಬರದಿಲ್ಲ.” ಆಮೇಲೆ ಗೋಡೆಗಲ್ಲ, ನನಗಲ್ಲ, ಮೋರಿಯ ಕಡೆ ನೋಡುತ್ತ ಹೇಳಿದಳು: “ನಂದೇ ತಪ್ಪು. ಅವತ್ತ ನೀರ ಹೊಡೀಬಾರದಿತ್ತು. ನೀವು ಛಲೋನೇ ಮಾಡಿದ್ರಿ, ನಾನೇ ಕೆಡಸ್ದೆ.”

ಬೋರು ಹೊಡೆದವನ ಮೇಲೆ ಹಾಕಿದ್ದು ದಕ್ಕಿತ್ತು. ಇದು ದಕ್ಕಲಿಲ್ಲ. ನಾನು ಮಾಡಿದ್ದನ್ನು ಆಕೆ ಉಣ್ಣುವುದನ್ನು ಕಣ್ಣಾರೆ ನೋಡಲಾಗಲಿಲ್ಲ. ಬಿದ್ದ ಒಂದು ಚೂರನ್ನು ಎತ್ತಿ, ಬೆನ್ನು ತಿರುಗಿಸಿ ಆಕೆಗೆ ತೋರಿಸಿದೆ.

“ಇಲ್ನೋಡ್ರಿ ಅಕ್ಕಾ. ಈ ಮೂಲ್ಯಾಗ ಒಂದು ಉಂಡಿ, ಇಲ್ಲಿ ನಡುವ ಒಂದು. ಇವೆರಡರ ಸಂದ್ಯಾಗಿನ ಜಾಗ ಖಾಲಿ. ಪೂರಾ ಗ್ವಾಡಿ ಹಿಂಗ ಅದ. ಇದು ಪೂರಾ ತುಂಬಬೇಕಿತ್ತು. ನನಗ ಆಗ ಗೊತ್ತಿರ್ಲಿಲ್ಲ, ಆಮ್ಯಾಲ ಗೊತ್ತಾತು, ಆದ್ರೂ ಹೇಳ್ಲಿಲ್ಲ. ನೀರಿಂದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ.”

ಆಕೆ ಚೂರನ್ನು ಕೈಗೆ ತೆಗೆದುಕೊಂಡು ಉಂಡೆಯ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. “ಮತ್ತ ಈಗ?” ಎಂದಷ್ಟೇ ಕೇಳಿದಳು.

ಈಗ ಮಾಡಲು ಉಳಿದದ್ದು ಒಂದೇ. ಅಂಟಿಸುವುದನ್ನು ಬಿಟ್ಟು ಕೆಡವುವುದು. ಉಳಿಸಿಕೊಂಡಷ್ಟೂ ಅಪಾಯವೇ. ಗಟ್ಟಿ ಕಾಣುವುದನ್ನೂ ಬಿಡದೆ ಉಳಿಯಿಟ್ಟು ಎಬ್ಬಿಸಿದೆ. ಮೇಲಿನ ಸಾಲಿನಿಂದ ಶುರು ಮಾಡಿ ಕೆಳಕ್ಕೆ, ಒಂದು ಕೈಯಲ್ಲಿ ಟೈಲ್ಸ್ ಹಿಡಿದು ಇನ್ನೊಂದರಲ್ಲಿ ಬಡಿದು. ಹೆಚ್ಚಿನವಕ್ಕೆ ಸುತ್ತಿಗೆಯೇ ಬೇಕಾಗಲಿಲ್ಲ, ಕರಣಿಯ ತುದಿ ಹಾಕಿದರೆ ಬಂದವು. ನಾನು ಎರಡು ದಿನದ ಹಿಂದೆ ಪೂರ್ತಿ ಬಳಿದು ಹಚ್ಚಿದ ಮೂರು ಮಾತ್ರ ಬರಲು ಒಪ್ಪದೆ ಪುಡಿಯಾಗಿ ಉದುರಿದವು. ಸಂಜೆಯ ಹೊತ್ತಿಗೆ ಗೋಡೆ ಬೆತ್ತಲೆ ನಿಂತಿತು. ಎಲ್ಲೆಡೆ ಐದೈದು ಉಂಡೆಗಳ ಗುರುತು.

ಹೊಸ ಗಿಲಾಯಿ ಮಾಡಿದರೆ ಆರಲು ಸಮಯವಿಲ್ಲ. ಬರಿ ಗೋಡೆಗೆ ನೀರು ಹೊಡೆದರೆ ಆಚೆ ಬದಿಯ ಮಲಗುವ ಕೋಣೆಗೆ ತೇವ ಇಳಿಯುತ್ತದೆ, ಬಾಣಂತಿಯ ಮಂಚ ಅಲ್ಲೇ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕಟ್ಟಿ ಬಿಚ್ಚಿದ ದೊಡ್ಡ ಬ್ಯಾನರು ಬೇಡಿ ತಂದೆ. ಅದನ್ನು ಸಾಬೂನಿನಲ್ಲಿ ತೊಳೆದು, ನಗುವ ಮುಖಗಳನ್ನು ಗೋಡೆಯ ಕಡೆ ತಿರುಗಿಸಿ, ಬಿಳಿ ಬದಿ ಹೊರಗೆ ಮಾಡಿದೆ. ಮೇಲ್ಗಡೆ ಉದ್ದ ಪಟ್ಟಿ ಇಟ್ಟು ಸ್ಕ್ರೂ ಬಿಗಿದು, ಪಟ್ಟಿಯ ನೆತ್ತಿಗೆ ಸಿಲಿಕಾನ್ ಎಳೆದೆ. ಎರಡೂ ಬದಿಗೆ ಪಕ್ಕದ ಗೋಡೆಗಳ ಮೇಲೆ ಒಂದೊಂದು ಗೇಣು ಮಡಚಿ ಪಟ್ಟಿ ಹೊಡೆದೆ. ಕೆಳಗೆ ನೆಲದ ಮೇಲೆ ಹಾಸಿ ಮೋರಿಯ ಕಡೆಗೆ ಇಳಿಜಾರು ಬಿಟ್ಟೆ. ಬೆನ್ನು ಕೊಡಲು ಅದರ ಮುಂದೆ ಹಳೆಯ ದಪ್ಪ ಹಲಗೆಯೊಂದನ್ನು ಗೋಡೆಗೆ ಬಿಗಿದೆ. ಇಪ್ಪತ್ತೈದು ವರ್ಷ ಕಲ್ಲು, ಟೈಲ್ಸ್ ಮಾಡಿದವನು ಕೊನೆಗೆ ನಂಬಿದ್ದು ಒಂದು ಬ್ಯಾನರನ್ನು. ಅಕ್ಕ ಇಡೀ ಹಂಡೆ ಎರಚಿ ನೋಡಿದಳು. ಆಚೆ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿದೆ, ಒಣಗಿತ್ತು.

ಮಗಳು ಬಂದಳು. ಬೀಗರು ಬಂದು ಬಚ್ಚಲು ನೋಡಿ ಮುಖ ಹುಳ್ಳಗೆ ಮಾಡಿದರು, ಆದರೆ ಬೀಳಲು ಏನೂ ಇರಲಿಲ್ಲವಾದ್ದರಿಂದ ಸುಮ್ಮನಾದರು. ಅವತ್ತು ನಾನು ಅಂಗಳದಲ್ಲಿ ಟೈಲ್ಸ್ ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಒಳಗೆ ಫ್ಲೆಕ್ಸಿನ ಮೇಲೆ ನೀರು ಬೀಳುವ ಸದ್ದು, ಕೂಸಿನ ಅಳು, ಅಕ್ಕನ “ಆತಪ್ಪಾ, ಆತು, ಆತು” ಕೇಳಿಸುತ್ತಿತ್ತು. ಇದರಿಂದ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಪ್ರತಿ ಚೊಂಬಿಗೂ ನನ್ನ ಎದೆ ಠಕ್ ಎನ್ನುತ್ತಿತ್ತು.

ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು. “ಇದೇ ಥರಾ ಮತ್ತ ಎಷ್ಟು ಮನ್ಯಾಗ ಹಾಕೀರಿ?”

“ನೆನಪಿಲ್ರಿ,” ಅಂದೆ. ಅದೂ ಸುಳ್ಳು. ಆರು ಮನೆ. ಪ್ರತಿಯೊಂದರ ಟೈಲ್ಸಿನ ಬಣ್ಣ ಸಮೇತ ನೆನಪಿದೆ.

“ಹೊಸಾದು ಹಾಕ್ಸುವಾಗ ನನಗ ಹೇಳ್ರಿ. ಕೂಲಿ ಬ್ಯಾಡ,” ಅಂದೆ.

“ನೋಡೂಣ್ರಿ,” ಅಂದಳು.

ಆ ಆರರಲ್ಲಿ ಎರಡು ಮನೆಗೆ ಹೋಗಿ ಬಡಿದು ನೋಡಿ ಹೇಳಿದೆ. ಒಬ್ಬರು ಕೆಲಸ ಹುಡುಕಿಕೊಂಡು ಬಂದಿದ್ದಾನೆ ಎಂದು ನಕ್ಕರು. ಇನ್ನೊಬ್ಬರು ಗಟ್ಟಿ ಇರುವ ಗೋಡೆಗೆ ಕಣ್ಣು ಹಾಕಬೇಡ ಎಂದು ಕಳಿಸಿದರು. ಉಳಿದ ಕಡೆ ಹೋಗಲು ಕಾಲು ಬರಲಿಲ್ಲ.

ಮೂರು ತಿಂಗಳ ಮೇಲೆ ಮನೂರಿನಲ್ಲಿ ಕೆಲಸ ಮುಗಿಸಿ ಶೇರ್ ಆಟೋದಲ್ಲಿ ಬರುವಾಗ ಅಕ್ಕನ ಮನೆ ಮುಂದೆ ಟೈಲ್ಸಿನ ಖಾಲಿ ಡಬ್ಬಿಗಳು ಕಂಡವು. ಅಲ್ಲೇ ಇಳಿದೆ. ನನ್ನನ್ನು ಕರೆಯಲಿಲ್ಲವಲ್ಲ ಎಂದು ನೋವಾಯಿತು. ಯಾಕೆ ಕರೆಯಬೇಕು ಎಂದೂ ಅನಿಸಿತು. ಫ್ಲೆಕ್ಸು ಮಡಚಿ ಕಟ್ಟೆಯ ಮೇಲೆ ಇಟ್ಟಿತ್ತು. ಒಳಗೆ ಬಚ್ಚಲಿನಲ್ಲಿ ಕೆಲಸಕ್ಕೆ ಕೂತಿದ್ದವನು ತಿರುಗಿ ನೋಡಿ ಮುಖ ಅರಳಿಸಿದ. ಅದೇ ಕೊಹೀರ್ ಕಡೆಯವನು, ಈಗ ಸ್ವತಃ ಮೇಸ್ತ್ರಿ.

“ಬರ್ರಿ ಉಸ್ತಾದ್, ಬರ್ರಿ,” ಅಂದ.

ಅವನ ತೊಡೆಯ ಮೇಲೆ ಹೊಸ ಟೈಲ್ಸ್ ಬೋರಲಾಗಿತ್ತು. ಅದರ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟಾಗಿತ್ತು. ನಡುವಿನದನ್ನು ಇಡುತ್ತಿದ್ದ.

“ಹಿಂಗ್ಯಾಕ ಹಾಕತಿ?” ಅಂದೆ.

“ಮತ್ತ ಹೆಂಗ್ರಿ?” ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಇದೇ ಬಚ್ಚಲದಾಗ ನೀವೇ ಕಲಿಸಿದ್ರಲ್ರಿ.”

ಗೋಡೆಯಲ್ಲಿ ಆಗಲೇ ಆರು ಸಾಲು ಏರಿತ್ತು. ನಾನು ಬೆರಳು ಮಡಚಿ ಒಂದನ್ನು ಬಡಿದೆ. ಹಿಂದೆ ತಿರುಗಿದಾಗ ಅಕ್ಕ ಬಾಗಿಲಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಆ ಟೊಳ್ಳು ಸದ್ದನ್ನು ಆಕೆಯೂ ಕೇಳಿದ್ದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಹೊರಗೆ ಹೋಗಿ, ಕಟ್ಟೆಯ ಮೇಲಿದ್ದ ಫ್ಲೆಕ್ಸನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಬಂದು ನನ್ನ ಕಾಲ ಬಳಿ ಇಟ್ಟಳು.